ಖಾಲಿ ಮೇಣಬತ್ತಿ ಜಾರ್ ತೊಳೆದು ಮತ್ತೆ ಬಳಸುವುದು ಹೇಗೆ? ಗಡಸು ನೀರಿನ ಊರಿನವರಿಗೊಂದು ಸಮಗ್ರ ಮಾರ್ಗದರ್ಶಿ

ದೀಪಾವಳಿಗೆ, ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ ಈಗ ಗಾಜಿನ ಜಾರಿನಲ್ಲಿ ಬರುವ ಪರಿಮಳದ ಮೇಣಬತ್ತಿ ಕೊಡುವುದು ರೂಢಿಯಾಗಿದೆ. ಮೊದಲೆಲ್ಲ ನಮ್ಮ ವಿಜಯಪುರದ ಮನೆಗಳಲ್ಲಿ ಮೇಣಬತ್ತಿ ಅಂದರೆ ಕರೆಂಟ್ ಹೋದಾಗ ಹಚ್ಚುವ ಬಿಳಿ ಬತ್ತಿ, ಅಷ್ಟೇ. ಅದು ಉರಿದು ಹೋದರೆ ತಟ್ಟೆಗೆ ಅಂಟಿದ ನಾಲ್ಕು ಹನಿ ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ. ಈಗಿನದು ಹಾಗಲ್ಲ. ಬತ್ತಿ ಮುಗಿದ ಮೇಲೂ ದಪ್ಪ ಗಾಜಿನ, ಮರದ ಮುಚ್ಚಳದ ಒಳ್ಳೆ ಜಾರ್ ಉಳಿಯುತ್ತದೆ. ಬಿಸಾಕಲು ಮನಸ್ಸು ಬರುವುದಿಲ್ಲ. ತೊಳೆಯಲು ಹೋದರೆ ಕೈಗೆ ಜಿಡ್ಡು, ತಿಕ್ಕುವ ನಾರಿಗೆ ಜಿಡ್ಡು, ಸಿಂಕಿಗೂ ಜಿಡ್ಡು.

ಹೆಚ್ಚಿನವರು ಮೊದಲು ಕೈ ಹಾಕುವುದು ಚಾಕುವಿಗೆ. ಅದನ್ನು ಬಿಡಿ. ಗಾಜಿಗೆ ಗೀರು ಬೀಳುತ್ತದೆ, ಚಾಕು ಜಾರಿದರೆ ಅಂಗೈಗೆ ಬೀಳುತ್ತದೆ, ಮೇಣ ಮಾತ್ರ ಅಲ್ಲೇ ಇರುತ್ತದೆ. ಈ ಕೆಲಸ ನಡೆಯುವುದು ಕಾವಿನ ಲೆಕ್ಕದಲ್ಲಿ. ಬಿಸಿ ಮಾಡಿದರೆ ಮೇಣ ಕರಗಿ ಹರಿಯುತ್ತದೆ. ಚೆನ್ನಾಗಿ ತಣ್ಣಗೆ ಮಾಡಿದರೆ ಕುಗ್ಗಿ ಗಾಜನ್ನು ಬಿಡುತ್ತದೆ. ಎರಡರ ನಡುವಿನ ಕಾವಿನಲ್ಲಿ ಎಷ್ಟು ಕೆರೆದರೂ ಸುಮ್ನೆ ಕೈ ನೋವು.

ಯಾವಾಗ ಉರಿಸುವುದು ನಿಲ್ಲಿಸಬೇಕು

ಜಾರ್ ಮತ್ತೆ ಬೇಕು ಅಂದರೆ ಎಚ್ಚರ ಬತ್ತಿ ಉರಿಯುವಾಗಲೇ ಶುರುವಾಗಬೇಕು. ತಳದಲ್ಲಿ ಸುಮಾರು 1 ಸೆಂಟಿಮೀಟರ್ ಮೇಣ ಉಳಿದಾಗ ಆರಿಸಿಬಿಡಿ. "ಅಷ್ಟು ಮೇಣ ಯಾಕೆ ವೇಸ್ಟ್ ಮಾಡೋದು" ಅಂತ ಕಡೆಯ ಹನಿವರೆಗೂ ಉರಿಸುವವರಿದ್ದಾರೆ. ಆದರೆ ಮೇಣ ಕಮ್ಮಿಯಾದಷ್ಟೂ ಜ್ವಾಲೆಯ ಕಾವು ನೇರ ಗಾಜಿನ ತಳಕ್ಕೆ ಹೋಗುತ್ತದೆ. ತಳ ಬಿರಿಯುವುದು ಆಗಲೇ. ಬಿರಿದರೆ ಬಿಸಿ ಮೇಣ ಟೇಬಲ್ ಮೇಲೆ ಹರಿಯುತ್ತದೆ, ಅದರ ಹಿಂದೆಯೇ ಬೆಂಕಿಯೂ ಇರುತ್ತದೆ. ಉಳಿದ ಮೇಣ ದಂಡ ಆಗುವುದಿಲ್ಲ, ಅದರ ಮಾತು ಕೊನೆಗೆ ಬರುತ್ತದೆ.

ಒಳ್ಳೆ ಜಾರುಗಳಲ್ಲಿ ಬತ್ತಿಯ ಬುಡಕ್ಕೆ ಒಂದು ಪುಟ್ಟ ಲೋಹದ ಬಿಲ್ಲೆ ಇರುತ್ತದೆ. ಬಿಲ್ಲೆಯ ನಡುವೆ ಚಿಕ್ಕ ಕೊಳವೆ. ಬತ್ತಿ ಆ ಕೊಳವೆಯ ತುದಿಗೆ ಬಂದಾಗ ಜ್ವಾಲೆ ತಾನೇ ಆರಲಿ ಅಂತಲೇ ಈ ಏರ್ಪಾಟು. ಹಾಗೆ ಆರಿದ ಬತ್ತಿಯನ್ನು ಚಿವುಟಿ, ಮೇಲಕ್ಕೆಳೆದು ಮತ್ತೆ ಹಚ್ಚಬೇಡಿ.

ಮೊದಲು ಜಾರ್ ನೋಡಿ, ಮೇಣ ನೋಡಿ

ಒಲೆ ಹಚ್ಚುವ ಮುಂಚೆ ಒಂದು ನಿಮಿಷ ಜಾರನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ. ಕೂದಲೆಳೆಯಂಥ ಬಿರುಕು ತಳದ ಅಂಚಿನಲ್ಲಿ ಜಾಸ್ತಿ ಕಾಣುತ್ತದೆ. ಕಣ್ಣಿಗೆ ಕಾಣದಿದ್ದರೆ ಉಗುರು ಎಳೆದು ನೋಡಿ, ಎಲ್ಲಾದರೂ ತಡೆದಂತೆ ಆಗುತ್ತದೆ. ಬಿರುಕು ಇದ್ದರೆ ಆ ಜಾರಿನ ಆಸೆ ಬಿಡಿ. ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ "ಗಾಜು" ಅಂತ ಬರೆದು ಒಣ ಕಸಕ್ಕೆ ಕೊಡಿ. ಕಸ ಆರಿಸುವವರ ಕೈಗೆ ತಾಗಬಾರದು, ಅಲ್ವಾ.

ಇನ್ನು ಮೇಣ. ಅಂಗಡಿಯಲ್ಲಿ ಸಿಗುವ ಜಾರ್ ಮೇಣಬತ್ತಿಗಳಲ್ಲಿ ಹೆಚ್ಚಾಗಿ ಇರುವುದು ಎರಡು ಬಗೆ. ಒಂದು ಪ್ಯಾರಾಫಿನ್, ಅಂದರೆ ಕಚ್ಚಾ ತೈಲದಿಂದ ಬರುವ ಮೇಣ. ಇನ್ನೊಂದು ಸೋಯಾ ಎಣ್ಣೆಯಿಂದ ಮಾಡಿದ ಮೇಣ. ಉಗುರು ಒತ್ತಿ ನೋಡಿ. ಉಗುರು ಸಲೀಸಾಗಿ ಇಳಿದು, ಡಾಲ್ಡಾದಂತೆ ಮೆತ್ತಗೆ ಬಂದರೆ ಸೋಯಾ. ಗಟ್ಟಿಯಾಗಿದ್ದು ಚಕ್ಕೆ ಎದ್ದರೆ ಪ್ಯಾರಾಫಿನ್. ಸೋಯಾ ಮೇಣ ಸುಮಾರು 45ರಿಂದ 57 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಪ್ಯಾರಾಫಿನ್ ಅದರ ಬಗೆಯ ಮೇಲೆ ಸುಮಾರು 46ರಿಂದ 68 ಡಿಗ್ರಿವರೆಗೆ. ಜೇನುಮೇಣ ಅಪರೂಪ. ಹಳದಿ ಬಣ್ಣ, ಜೇನಿನ ವಾಸನೆ, ಕರಗಲು 62 ಡಿಗ್ರಿ ದಾಟಬೇಕು. ಒಳಗೆ ಚಿಪ್ಪು, ಹರಳು ಹಾಕಿ ನೀರಿನ ಥರ ಕಾಣುವ ಜೆಲ್ ಬತ್ತಿ ಇದೆಯಲ್ಲ, ಅದು ಈ ಲೆಕ್ಕಕ್ಕೇ ಬರುವುದಿಲ್ಲ. ಅದು ಖನಿಜ ಎಣ್ಣೆಯನ್ನು ಪಾಲಿಮರ್ ಹಾಕಿ ಗಟ್ಟಿ ಮಾಡಿದ್ದು. ಅದನ್ನು ಕರಗಿಸಲು ಹೋಗಬೇಡಿ. ಚಮಚದಿಂದ ಎತ್ತಿದರೆ ಉಂಡೆಯಾಗಿ ಬಂದುಬಿಡುತ್ತದೆ. ಉಳಿದದ್ದನ್ನು ಪೇಪರಿನಿಂದ ಒರೆಸಿ.

ಜಾರಿನ ಆಕಾರವೂ ಮುಖ್ಯ. ಬಾಯಿ ತಳದಷ್ಟೇ ಅಗಲ ಇದ್ದರೆ ಮುಂದೆ ಹೇಳುವ ಯಾವ ವಿಧಾನವೂ ನಡೆಯುತ್ತದೆ. ಕುತ್ತಿಗೆ ಕಿರಿದಾಗಿದ್ದರೆ ಫ್ರೀಜರ್ ಉಪಯೋಗವಿಲ್ಲ. ಮೇಣದ ಗಟ್ಟಿ ಬಿಡುತ್ತದೆ, ಹೊರಗೆ ಮಾತ್ರ ಬರುವುದಿಲ್ಲ.

ಬೇಕಾಗುವ ಸಾಮಾನು

ಹೊಸದಾಗಿ ಕೊಳ್ಳುವುದು ಏನೂ ಇಲ್ಲ. ಅಡುಗೆಗೆ ಬಳಸದ ಒಂದು ಹಳೆ ಬೋಗುಣಿ, ತಳಕ್ಕೆ ಹಾಸಲು ಹಳೆ ಟವೆಲ್ಲಿನ ತುಂಡು, ಇಕ್ಕಳ, ಉದ್ದ ಹಿಡಿಕೆಯ ಚಮಚ, ಕರಗಿದ ಮೇಣ ಸುರಿಯಲು ಹಳೆ ಸ್ಟೀಲ್ ಬಟ್ಟಲು, ಹಳೆ ಹಲ್ಲುಜ್ಜುವ ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್, ಅಡುಗೆ ಸೋಡಾ, ಬಿಳಿ ವಿನಿಗರ್ ಇಲ್ಲವೇ ನಿಂಬೆಹಣ್ಣು, ಒಂದು ಚಮಚ ಎಣ್ಣೆ. ನ್ಯೂಸ್ ಪೇಪರ್ ಮಾತ್ರ ಧಾರಾಳವಾಗಿ ಇರಲಿ. ಈ ಕೆಲಸದಲ್ಲಿ ಸೋಪಿಗಿಂತ ಪೇಪರ್ ಜಾಸ್ತಿ ದುಡಿಯುತ್ತದೆ.

ನೀರಿನ ಬೋಗುಣಿ: ನನ್ನ ಮೊದಲ ಆಯ್ಕೆ

ನಾಲ್ಕಾರು ವಿಧಾನಗಳಿವೆ. ಒಂದನ್ನೇ ಕಲಿಯಬೇಕು ಅಂದರೆ ಇದನ್ನು ಕಲಿಯಿರಿ. ಎಲ್ಲ ಬಗೆಯ ಮೇಣಕ್ಕೂ, ಎಲ್ಲ ಆಕಾರದ ಜಾರಿಗೂ ಆಗುತ್ತದೆ. ಮೇಣ ನೀರು ತಾಗದೆ ಚೊಕ್ಕಟವಾಗಿ ಕೈಗೆ ಸಿಗುತ್ತದೆ.

ಬೋಗುಣಿಯ ತಳಕ್ಕೆ ಟವೆಲ್ ತುಂಡನ್ನು ಮಡಚಿ ಹಾಸಿ. ಒಲೆಯ ಕಾವು ಲೋಹದಿಂದ ನೇರ ಗಾಜಿಗೆ ಹೋಗದಂತೆ ತಡೆಯುವುದು ಇದೇ. ನೀರು ಕುದಿಯುವಾಗ ಜಾರ್ ಅಲುಗಾಡಿ ತಳಕ್ಕೆ ಬಡಿಯುವುದೂ ತಪ್ಪುತ್ತದೆ. ಮುಚ್ಚಳ ತೆಗೆದ ಜಾರನ್ನು ಅದರ ಮೇಲೆ ನಿಲ್ಲಿಸಿ. ಈಗ ಬೋಗುಣಿಗೆ ತಣ್ಣೀರು ಹಾಕಿ. ಬಿಸಿ ನೀರಲ್ಲ, ತಣ್ಣೀರು. ಗಾಜು ಒಡೆಯುವುದು ಬಿಸಿಯಿಂದ ಅಲ್ಲ, ಒಮ್ಮೆಲೇ ಆಗುವ ಬದಲಾವಣೆಯಿಂದ. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದಿದ್ದರೆ ಬಿರಿಯುತ್ತದೆ. ಗಾಜು ದಪ್ಪ ಇದ್ದಷ್ಟೂ ಈ ಅಪಾಯ ಜಾಸ್ತಿ, ಏಕೆಂದರೆ ಕಾವು ಒಳಗಿನ ಪದರಕ್ಕೆ ಮುಟ್ಟಲು ಹೊತ್ತು ಬೇಕು. ದಪ್ಪ ಅಂದರೆ ಗಟ್ಟಿ ಅಂತ ನಂಬಿ ಕುದಿಯುವ ನೀರಿಗೆ ಇಳಿಸುವವರ ಜಾರ್ ಅಲ್ಲೇ "ಟಕ್" ಅನ್ನುತ್ತದೆ.

ನೀರು ಜಾರಿನೊಳಗಿನ ಮೇಣದ ಮಟ್ಟಕ್ಕಿಂತ ಎರಡು ಬೆರಳು ಮೇಲೆ ಬಂದರೆ ಸಾಕು. ಜಾಸ್ತಿ ಹಾಕಿದರೆ ಜಾರ್ ತೇಲಿ ಮಗುಚಿಕೊಳ್ಳುತ್ತದೆ. ಉರಿ ಸಣ್ಣಕ್ಕೂ ಮಧ್ಯಮಕ್ಕೂ ನಡುವೆ ಇರಲಿ. ನೀರು ಕುದಿಯಬೇಕಾಗಿಲ್ಲ. ಬೋಗುಣಿಯ ತಳದಿಂದ ಸಣ್ಣ ಗುಳ್ಳೆ ಏಳುತ್ತಾ, ಮೇಲೆ ಹಬೆ ಆಡುತ್ತಾ ಇದ್ದರೆ ಸಾಕಷ್ಟು ಬಿಸಿಯಾಗಿದೆ ಅಂತ ತಿಳಿಯಿರಿ. ಅಲ್ಲಿಗೆ ಉರಿ ತೀರಾ ಸಣ್ಣ ಮಾಡಿ.

ಈಗ ಜಾರಿನೊಳಗೆ ನೋಡುತ್ತಾ ಇರಿ. ಮೊದಲು ಗಾಜಿಗೆ ತಾಗಿದ ಅಂಚಿನಲ್ಲಿ ಒಂದು ತೆಳುವಾದ, ಒದ್ದೆಯಾದ ಗೆರೆ ಕಾಣುತ್ತದೆ. ಬಿಳಿಯಾಗಿದ್ದ ಮೇಣ ಅಲ್ಲಿ ಪಾರದರ್ಶಕ ಆಗುತ್ತದೆ. ಗೆರೆ ಅಗಲವಾಗುತ್ತಾ ನಡುವಿನ ಗಟ್ಟಿ ತುಂಡು ದ್ವೀಪದ ಹಾಗೆ ತೇಲಲು ಶುರುವಾಗುತ್ತದೆ. ಬರೀ ಗಟ್ಟಿ ಬೇಕಿದ್ದರೆ ಇದೇ ಸರಿಯಾದ ಹೊತ್ತು, ಚಮಚದಿಂದ ಎತ್ತಿ ಬಟ್ಟಲಿಗೆ ಹಾಕಿ. ಪೂರ್ತಿ ಕರಗಲಿ ಅಂದರೆ ಇನ್ನೂ 5-10 ನಿಮಿಷ ಬಿಡಿ. ಕಲಕಬೇಡಿ. ತಳದ ಮಸಿ, ಸುಟ್ಟ ಬತ್ತಿಯ ಚೂರು ಎಲ್ಲ ಮೇಣದಲ್ಲಿ ಬೆರೆಯುತ್ತದೆ.

ಒಲೆ ಆರಿಸಿ. ಒದ್ದೆಯಲ್ಲದ ದಪ್ಪ ಬಟ್ಟೆಯಿಂದ ಜಾರ್ ಹಿಡಿದು ಎತ್ತಿ. ಹೊರಗಿನ ನೀರು ಒರೆಸಿ, ಇಲ್ಲದಿದ್ದರೆ ಸುರಿಯುವಾಗ ಆ ನೀರಿನ ಹನಿ ಮೇಣಕ್ಕೆ ಬೀಳುತ್ತದೆ. ಮೇಣವನ್ನು ಬಟ್ಟಲಿಗೆ ಸುರಿಯಿರಿ. ಬಟ್ಟಲಿನ ಬಾಯಿಗೆ ಹಳೆ ತೆಳು ಬಟ್ಟೆ ಕಟ್ಟಿದ್ದರೆ ಬತ್ತಿಯ ಕರಿ ಚೂರು ಮೇಲೇ ಉಳಿಯುತ್ತದೆ. ತಳದ ಬಿಲ್ಲೆಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಆ ಅಂಟು ಈಗ ಮೆತ್ತಗಾಗಿರುತ್ತದೆ. ಚಮಚದ ಹಿಡಿಕೆಯ ತುದಿಯನ್ನು ಬಿಲ್ಲೆಯ ಅಂಚಿಗೆ ಕೊಟ್ಟು ಮೆಲ್ಲಗೆ ಮೀಟಿ, ಇಕ್ಕಳದಿಂದ ಎಳೆದುಕೊಳ್ಳಿ. ತಣ್ಣಗಾದ ಮೇಲೆ ಇದೇ ಬಿಲ್ಲೆಗೆ ನೀವು ಹತ್ತು ಪಟ್ಟು ಜಗ್ಗಬೇಕಾಗುತ್ತದೆ.

ಮುಂದಿನ ಹೆಜ್ಜೆಯನ್ನು ತುಂಬಾ ಜನ ಬಿಡುತ್ತಾರೆ. ಜಾರ್ ಇನ್ನೂ ಬಿಸಿ ಇರುವಾಗಲೇ, ನೀರು ಸೋಪು ಏನೂ ತಾಗಿಸದೆ, ಪೇಪರ್ ಉಂಡೆ ಮಾಡಿ ಒಳಗೆಲ್ಲ ಒರೆಸಿ. ಮೊದಲ ಉಂಡೆ ಎಣ್ಣೆಯಲ್ಲಿ ಅದ್ದಿದ ಹಾಗೆ ಒದ್ದೆಯಾಗಿ ಬರುತ್ತದೆ. ಎರಡನೆಯದಕ್ಕೆ ಅರ್ಧ. ಮೂರು ನಾಲ್ಕನೆಯದು ಹೆಚ್ಚು ಕಡಿಮೆ ಒಣಗಿಯೇ ಬರುತ್ತದೆ. ಇಷ್ಟಾದರೆ ತೊಳೆಯುವ ಕೆಲಸ ಮುಕ್ಕಾಲು ಮುಗಿದಂತೆ. ಇದನ್ನು ಬಿಟ್ಟು ಸೀದಾ ನಳದ ಕೆಳಗೆ ಹಿಡಿದರೆ ಆ ತೆಳು ಪದರ ಅಲ್ಲೇ ಹೆಪ್ಪುಗಟ್ಟುತ್ತದೆ. ಬಿಸಿ ಗಾಜಿಗೆ ತಣ್ಣೀರು ಬಿದ್ದು ಬಿರಿದರೆ ಅದು ಬೇರೆ.

ಗ್ಯಾಸ್ ಹಚ್ಚುವಷ್ಟು ಮೇಣ ಇಲ್ಲ, ತಳದಲ್ಲಿ ಒಂದು ಪದರ ಮಾತ್ರ ಇದೆ ಅಂದರೆ ಜಾರಿನೊಳಗೇ ನೀರು ಹಾಕುವುದು ಸುಲಭ. ಮೊದಲು ಬೆಚ್ಚಗಿನ ನೀರು ಹಾಕಿ ಗಾಜು ಕಾಯಿಸಿ, ಚೆಲ್ಲಿ, ಆಮೇಲೆ ಚೆನ್ನಾಗಿ ಬಿಸಿಯಾದ ನೀರು ಮುಕ್ಕಾಲು ಜಾರ್ ತುಂಬಿ ಹಾಗೇ ಬಿಡಿ. ಮೇಣ ನೀರಿಗಿಂತ ಹಗುರ. ಕರಗಿ ಮೇಲೆ ಬರುತ್ತದೆ, ತಣಿದಾಗ ಮೇಲೆ ಬಿಲ್ಲೆಯಾಗಿ ಕೂರುತ್ತದೆ. ಬೆರಳಿನಿಂದ ಒತ್ತಿದರೆ ಎದ್ದು ಬರುತ್ತದೆ. ಸೋಯಾ ಮೇಣಕ್ಕೆ ಇದು ಚೆನ್ನಾಗಿ ಆಗುತ್ತದೆ. ಜೇನುಮೇಣಕ್ಕೆ ನೀರು ಬೇಗ ಆರಿಬಿಡುವುದರಿಂದ ಅಷ್ಟಕ್ಕಷ್ಟೇ.

ಫ್ರೀಜರ್

ಗಟ್ಟಿ ಪ್ಯಾರಾಫಿನ್ ಮೇಣ, ಅಗಲ ಬಾಯಿಯ ಜಾರ್. ಈ ಎರಡೂ ಇದ್ದರೆ ಫ್ರೀಜರಿನಷ್ಟು ಸೋಮಾರಿಗೆ ಹಿತವಾದ ವಿಧಾನ ಇನ್ನೊಂದಿಲ್ಲ. ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯುವುದು. ಮೂರು ನಾಲ್ಕು ತಾಸಿಗೂ ಆಗುತ್ತದೆ, ಆದರೆ ಬೇಸಿಗೆಯಲ್ಲಿ ಐಸಿಗೆ ಅಂತ ಬಾಗಿಲು ತೆಗೆದೂ ತೆಗೆದೂ ಫ್ರೀಜರಿಗೆ ಪೂರ್ತಿ ತಂಪು ಹಿಡಿಯುವುದೇ ಇಲ್ಲ. ಹೊರಗೆ ತೆಗೆದು ಜಾರನ್ನು ಮಗುಚಿ, ತಳಕ್ಕೆ ಅಂಗೈಯಿಂದ ತಟ್ಟಿ. ಬಿಡದಿದ್ದರೆ ಚಮಚದ ಹಿಡಿಕೆಯನ್ನು ಅಂಚಿಗೆ ಕೊಟ್ಟು ಒಮ್ಮೆ ಒತ್ತಿ. ಗಟ್ಟಿ ಇಡಿಯಾಗಿ ಬೀಳುತ್ತದೆ. ಮೇಣ ದಪ್ಪವಾಗಿದ್ದರೆ ಒಳಗೆ ಇಡುವ ಮುಂಚೆಯೇ ಚಮಚದಿಂದ ನಾಲ್ಕು ಗೀರು ಹಾಕಿಡಿ, ತುಂಡಾಗಿ ಬೀಳುತ್ತದೆ.

ಎರಡು ಎಚ್ಚರ. ಜಾರನ್ನು ಕವರಿನಲ್ಲಿ ಕಟ್ಟಿಯೇ ಇಡಿ, ಇಲ್ಲದಿದ್ದರೆ ಐಸ್ ಕ್ಯೂಬಿಗೆ ಲ್ಯಾವೆಂಡರ್ ವಾಸನೆ ಹತ್ತಿ ಮನೆಗೆ ಬಂದವರು ಪಾನಕ ಕುಡಿಯುವಾಗ ಮುಖ ನೋಡಬೇಕಾಗುತ್ತದೆ. ಫ್ರೀಜರಿನಿಂದ ತೆಗೆದ ಜಾರಿಗೆ ಬಿಸಿ ನೀರು ಹಾಕಬೇಡಿ. ಮೊದಲು ಅರ್ಧ ತಾಸು ಹೊರಗೆ ಇರಲಿ. ಸೋಯಾ ಮೇಣ ಫ್ರೀಜರಿನಲ್ಲಿ ಪುಡಿಪುಡಿಯಾಗಿ ಬಿಡುವುದೂ ಉಂಟು. ಜಿಡ್ಡಿನ ಪದರವನ್ನಂತೂ ಬಿಟ್ಟೇ ಬಿಡುತ್ತದೆ. ಕಡೆಗೆ ಬಿಸಿ ನೀರಿಗೇ ಬರಬೇಕು.

ನಮ್ಮ ಬಿಸಿಲು ಇರುವಾಗ ಗ್ಯಾಸ್ ಯಾಕೆ

ಬೆಂಗಳೂರಿನವರಿಗೆ ಈ ಭಾಗ ಉಪಯೋಗಕ್ಕೆ ಬರಲಿಕ್ಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ ನೆರಳಿನಲ್ಲೇ 40 ಡಿಗ್ರಿ ಮುಟ್ಟುತ್ತದೆ. ಮಾಳಿಗೆಯ ಮೇಲಿನ ತಗಡು, ನಿಲ್ಲಿಸಿದ ಕಾರಿನ ಒಳಗು ಅದಕ್ಕಿಂತ ಎಷ್ಟೋ ಬಿಸಿ. ಸೋಯಾ ಮೇಣಕ್ಕೆ ಅಷ್ಟು ಕಾವು ಸಾಕು. ಒಂದು ಹಳೆ ಸ್ಟೀಲ್ ತಾಟಿಗೆ ಎರಡು ಕಡ್ಡಿ ಅಡ್ಡ ಇಟ್ಟು, ಅದರ ಮೇಲೆ ಜಾರನ್ನು ಮಗುಚಿ ಇಡಿ. ಕಡ್ಡಿ ಯಾಕೆ ಅಂದರೆ ಬಾಯಿಗೆ ಸ್ವಲ್ಪ ಸಂದು ಬೇಕು, ಮೇಣ ಇಳಿದು ತಾಟಿಗೆ ಬೀಳಬೇಕು. ಮೇಲೆ ಒಂದು ಕಪ್ಪು ಬಟ್ಟೆ ಹೊದಿಸಿದರೆ ಬೇಗ ಕಾಯುತ್ತದೆ. ಮಧ್ಯಾಹ್ನ 12ಕ್ಕೆ ಇಟ್ಟು 3ಕ್ಕೆ ನೋಡಿ.

ಪ್ಯಾರಾಫಿನ್ ಹೀಗೆ ಪೂರ್ತಿ ಕರಗದಿದ್ದರೂ ಮೆತ್ತಗಾಗುತ್ತದೆ. ಚಮಚದಿಂದ ಎತ್ತಿದರೆ ಬರುತ್ತದೆ. ಜೇನುಮೇಣ ಬಿಸಿಲಿಗೆ ಜಗ್ಗುವುದಿಲ್ಲ. ಬಿಸಿಲಿನಿಂದ ತೆಗೆದ ಜಾರ್ ಮುಟ್ಟುವಾಗ ಬಟ್ಟೆ ಹಿಡಿಯಿರಿ, ಒಲೆಯ ಮೇಲಿನದಷ್ಟೇ ಸುಡುತ್ತದೆ. ತೆಗೆದ ಕೂಡಲೇ ಪೇಪರಿನಿಂದ ಒರೆಸುವುದು ಇಲ್ಲೂ ತಪ್ಪಬಾರದು. ಇದನ್ನೇ ಬೆಳಗಾವಿಯವರು ಜುಲೈ ತಿಂಗಳ ಮಳೆಯಲ್ಲಿ ಕೂತು ಓದುತ್ತಿದ್ದರೆ ಮೇಲಿನ ಬೋಗುಣಿಯೇ ಗತಿ.

ಮಾಡಬಾರದ್ದು

ಜಾರನ್ನು ನೇರ ಗ್ಯಾಸ್ ಉರಿಯ ಮೇಲೆ ಇಡಬೇಡಿ. ಮೈಕ್ರೋವೇವ್ ಕೂಡ ಬೇಡ, ತಳದಲ್ಲಿ ಲೋಹದ ಬಿಲ್ಲೆ ಇದೆ, ಕಿಡಿ ಹಾರುತ್ತದೆ. ಕುಕ್ಕರಿನೊಳಗೆ ಮೇಣದ ಜಾರ್ ಇಟ್ಟು ಸೀಟಿ ಹೊಡೆಸುವುದೂ ಬೇಡ. ಮೇಣ ಕರಗುತ್ತಿರುವಾಗ ಒಲೆ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ.

ಒಂದು ವೇಳೆ ಮೇಣಕ್ಕೇ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ. ನೀರು ಮೇಣಕ್ಕಿಂತ ಭಾರ. ತಳಕ್ಕೆ ಇಳಿಯುತ್ತದೆ, ಅಲ್ಲಿನ ಕಾವಿಗೆ ಒಮ್ಮೆಲೇ ಹಬೆಯಾಗಿ ಎದ್ದು ಉರಿಯುವ ಮೇಣವನ್ನು ಮೇಲಕ್ಕೆ ಎರಚುತ್ತದೆ. ಒಲೆ ಆರಿಸಿ, ಅಗಲವಾದ ತಾಟು ಮುಚ್ಚಿ. ಗಾಳಿ ಸಿಗದಿದ್ದರೆ ಬೆಂಕಿ ಆರುತ್ತದೆ. ತಣ್ಣಗಾಗುವವರೆಗೂ ತಾಟು ಎತ್ತಬೇಡಿ.

ಕರಗಿದ ಮೇಣವನ್ನು ಸಿಂಕಿಗೆ, ಬಚ್ಚಲಿಗೆ ಸುರಿಯಲೇಬೇಡಿ. "ಬಿಸಿ ನೀರಿನ ಜೊತೆ ಹೋಗುತ್ತದೆ" ಅನ್ನುವುದು ಸುಳ್ಳು ಸಮಾಧಾನ. ಪೈಪಿನ ಮೊದಲ ತಿರುವಿನಲ್ಲೇ ತಣಿದು ಕೂರುತ್ತದೆ. ಅದಕ್ಕೆ ಅನ್ನದ ಅಗಳು, ಕೂದಲು ಸೇರಿ ಗಟ್ಟಿಯಾಗುತ್ತದೆ. ಆಮೇಲೆ ಪ್ಲಂಬರ್ ಕರೆಯುವ ಖರ್ಚಿನಲ್ಲಿ ಹೊಸ ಜಾರುಗಳೇ ಬರುತ್ತವೆ. ಬೋಗುಣಿಯ ನೀರಿನ ಮೇಲೆ ಜಿಡ್ಡು ತೇಲುತ್ತಿದ್ದರೂ ಅಷ್ಟೇ. ತಣಿಯಲು ಬಿಡಿ, ಮೇಲೆ ಕಟ್ಟಿದ ಪದರ ತೆಗೆಯಿರಿ, ಬಟ್ಟೆಯಲ್ಲಿ ಸೋಸಿ ಆಮೇಲೆ ಚೆಲ್ಲಿ.

ಸೋಪಿನ ಸರದಿ

ಪೇಪರಿನಿಂದ ಒರೆಸಿದ ಜಾರ್ ಉಗುರು ಬೆಚ್ಚಗೆ ಆದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಒಣ ಗಾಜಿಗೇ ಹಾಕಿ. ಬೆರಳಿನಿಂದ ಒಳಗೆಲ್ಲ ಸವರಿ. ನೀರು ಆಮೇಲೆ. ಮೊದಲೇ ನೀರು ಹಾಕಿದರೆ ಸೋಪು ತೆಳುವಾಗಿ, ಮೇಣದ ಮೇಲಿಂದ ಜಾರಿ ಹೋಗುತ್ತದೆ. ಈಗ ಕೈ ತಾಳುವಷ್ಟು ಬಿಸಿ ನೀರು ಹಾಕಿ ಸ್ಪಂಜಿನಿಂದ ತಿಕ್ಕಿ. ಸ್ಟೀಲ್ ನಾರು ಬೇಡ. ತಳ ಮತ್ತು ಗೋಡೆ ಸೇರುವ ಮೂಲೆಗೆ ಹಳೆ ಹಲ್ಲುಜ್ಜುವ ಬ್ರಷ್ಷೇ ಸರಿ.

ಬಾಯಿಯ ಅಂಚಿನಲ್ಲಿ ಕರಿ ಮಸಿ ಇರುತ್ತದೆ. ಅಡುಗೆ ಸೋಡಾಕ್ಕೆ ನಾಲ್ಕು ಹನಿ ನೀರು ಹಾಕಿ ಗಟ್ಟಿಯಾಗಿ ಕಲಸಿ, ಅದನ್ನು ಹಚ್ಚಿ ಬೆರಳಿನಿಂದ ಉಜ್ಜಿ. ಹಂಡೆಗೆ ಇನ್ನೂ ಕಟ್ಟಿಗೆ ಒಲೆ ಹಚ್ಚುವ ಮನೆಯಾದರೆ ಒಲೆಯ ಬೂದಿ ಇದೆಯಲ್ಲ. ಬೂದಿಯಲ್ಲಿ ಕ್ಷಾರ ಇರುತ್ತದೆ, ಜಿಡ್ಡು ಮಸಿ ಎರಡನ್ನೂ ಎತ್ತುತ್ತದೆ. ಆದರೆ ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಹಾಕಿ. ಹರಳು ಉಳಿದರೆ ಗಾಜು ಗೀರಾಗುತ್ತದೆ.

ಚೊಕ್ಕಟ ಆಯಿತೋ ಇಲ್ಲವೋ ಅಂತ ಕಣ್ಣಿನಿಂದ ತಿಳಿಯುವುದು ಕಷ್ಟ. ನೀರಿನಿಂದ ತಿಳಿಯುತ್ತದೆ. ಜಾರ್ ತುಂಬ ನೀರು ಹಾಕಿ ಚೆಲ್ಲಿ, ಒಳಗೋಡೆ ನೋಡಿ. ನೀರು ಒಂದೇ ಹಾಳೆಯಾಗಿ ಜಾರಿ ಇಳಿದರೆ ಮೇಣ ಹೋಗಿದೆ. ಎಲ್ಲಾದರೂ ಮುತ್ತಿನಂತೆ ಹನಿ ಹನಿಯಾಗಿ ನಿಂತರೆ ಅಲ್ಲಿ ಇನ್ನೂ ತೆಳು ಪದರ ಇದೆ. ಅಷ್ಟೇ ಜಾಗಕ್ಕೆ ಮತ್ತೊಮ್ಮೆ ಒಣ ಸೋಪು ಹಚ್ಚಿ, ಬಿಸಿ ನೀರು ಹಾಕಿ. ಇಡೀ ಜಾರ್ ಮತ್ತೆ ತಿಕ್ಕಬೇಕಾಗಿಲ್ಲ.

ಗಡಸು ನೀರಿನ ಬಿಳಿ ಕಲೆ

ಇಷ್ಟೆಲ್ಲ ಮಾಡಿ ಜಾರ್ ಬಿಸಿಲಿಗಿಟ್ಟು ಬಂದರೆ ಸಂಜೆಗೆ ಬಿಳಿ ಬಿಳಿ ಚುಕ್ಕೆ. ಮೇಣ ಹೋಗಿಲ್ಲ ಅಂತ ಮತ್ತೆ ತಿಕ್ಕಲು ಕೂರುತ್ತಾರೆ. ಅದು ಮೇಣ ಅಲ್ಲ, ಬೋರ್ ನೀರಿನ ಸುಣ್ಣ. ನಮ್ಮ ಕಡೆಯ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ. ನೀರು ಆರಿದರೆ ಲವಣ ಗಾಜಿನ ಮೇಲೆ ಉಳಿಯುತ್ತದೆ. ಗೀಸರಿನ ಕಾಯಿಲ್ ಮೇಲೆ ಕಟ್ಟುವುದೂ, ಬಚ್ಚಲ ನಳದ ಬಾಯಿಗೆ ಕಟ್ಟುವುದೂ ಇದೇ. ಇದೇ ಲವಣ ಸೋಪಿನ ಜೊತೆ ಸೇರಿ ಮೊಸರಿನಂಥ ಕೊಳೆ ಮಾಡುತ್ತದೆ, ನೊರೆ ಬರುವುದೇ ಇಲ್ಲ. ಸೋಪ್ ಬಾರಿಗಿಂತ ಲಿಕ್ವಿಡ್ ಬಳಸಿ ಅಂದಿದ್ದು ಅದಕ್ಕೇ.

ಪರಿಹಾರ ಹುಳಿ. ಒಂದು ಲೋಟ ನೀರಿಗೆ ಎರಡು ಚಮಚ ಬಿಳಿ ವಿನಿಗರ್ ಇಲ್ಲವೇ ಅರ್ಧ ನಿಂಬೆಹಣ್ಣಿನ ರಸ ಹಾಕಿ ಜಾರಿನೊಳಗೆ ಸುತ್ತಾಡಿಸಿ, 10 ನಿಮಿಷ ಬಿಟ್ಟು ಚೆಲ್ಲಿ. ಚಿನ್ನದ ಬಣ್ಣದ ಗೆರೆ, ಹೊರಗೆ ಪೇಂಟ್ ಇರುವ ಜಾರಾದರೆ ಹುಳಿಯನ್ನು ಒಳಗೆ ಮಾತ್ರ ಬಳಸಿ. ಕಡೆಯ ಜಾಲಿಸುವಿಕೆ ಒಳ್ಳೆ ನೀರಿನಲ್ಲಿ ಆಗಲಿ. ಕೃಷ್ಣಾ ನದಿಯ ನಳದ ನೀರು ಬರುವ ದಿನ ಇದ್ದರೆ ಅದು ಬೋರಿಗಿಂತ ವಾಸಿ. ಫಿಲ್ಟರ್ ನೀರು ಒಂದು ಲೋಟ ಖರ್ಚು ಮಾಡಿದರೂ ನಷ್ಟವಿಲ್ಲ. ಫಿಲ್ಟರಿನಿಂದ ಹೊರಗೆ ಹೋಗುವ ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಪಾತ್ರೆಗೆ ಬಳಸುವ ಅಭ್ಯಾಸ ಒಳ್ಳೆಯದೇ, ಆದರೆ ಈ ಕಡೆಯ ಹಂತಕ್ಕೆ ಅದು ಬೇಡ. ಒಳಗೆ ಹೋದ ನೀರಿನ ಲವಣವೆಲ್ಲ ಅದರಲ್ಲೇ ಸೇರಿರುತ್ತದೆ, ಮೊದಲಿಗಿಂತ ಗಡಸು. ಏಸಿಯಿಂದ ತೊಟ್ಟಿಕ್ಕುವ ನೀರು ಇದೆಯಾ? ಅದು ಗಾಳಿಯ ತೇವ ತಣಿದು ಆದ ನೀರು, ಲವಣ ಇರುವುದಿಲ್ಲ. ಕುಡಿಯಲು ಬಾರದು, ಗಾಜು ಜಾಲಿಸಲು ಅದರಷ್ಟು ಒಳ್ಳೆಯದಿಲ್ಲ.

ಜಾಲಿಸಿದ ಮೇಲೆ ತಾನೇ ಆರಲಿ ಅಂತ ಬಿಡಬೇಡಿ. ಹಳೆ ಕಾಟನ್ ಸೀರೆಯ ತುಂಡಿನಿಂದ ಒರೆಸಿಬಿಡಿ. ಎಷ್ಟು ಒಗೆದಿದ್ದರೆ ಅಷ್ಟು ಒಳ್ಳೆಯದು. ಹೊಸ ಟವೆಲ್ ಗಾಜಿನ ಮೇಲೆ ನೂಲು ಬಿಡುತ್ತದೆ.

ಲೇಬಲ್ ಮತ್ತು ಅಂಟು

ಕಾಗದದ ಲೇಬಲ್ ಆದರೆ ಅರ್ಧ ತಾಸು ಸೋಪಿನ ಬೆಚ್ಚನೆ ನೀರಿನಲ್ಲಿ ನೆನೆಸಿ, ಬಿಡುತ್ತದೆ. ಪ್ಲಾಸ್ಟಿಕ್ ಲೇಬಲ್ ನೀರಿಗೆ ಬಗ್ಗುವುದಿಲ್ಲ, ಅದಕ್ಕೆ ಒಣ ಬಿಸಿ ಬೇಕು. ಹೇರ್ ಡ್ರೈಯರ್ ಒಂದು ನಿಮಿಷ ಹಿಡಿದು ಮೂಲೆಯಿಂದ ನಿಧಾನ ಎಳೆಯಿರಿ. ಬೇಸಿಗೆಯಲ್ಲಿ ಮಾಳಿಗೆಯ ಬಿಸಿಲೇ ಆ ಕೆಲಸ ಮಾಡುತ್ತದೆ.

ಲೇಬಲ್ ಹೋಗಿ ಅಂಟು ಉಳಿದರೆ ಕುಸುಬಿ ಎಣ್ಣೆಯೋ ಶೇಂಗಾ ಎಣ್ಣೆಯೋ, ಮನೆಯಲ್ಲಿ ಇರುವುದು ಒಂದು ಚಮಚ. ಅದಕ್ಕೆ ಅಷ್ಟೇ ಅಡುಗೆ ಸೋಡಾ ಸೇರಿಸಿ ಹಚ್ಚಿ, ಕಾಲು ತಾಸು ಬಿಡಿ. ಎಣ್ಣೆ ಅಂಟನ್ನು ಸಡಿಲ ಮಾಡುತ್ತದೆ, ಸೋಡಾ ತಿಕ್ಕಲು ನೆರವಾಗುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಅಂಟು ಎಳೆ ಎಳೆಯಾಗಿ ಸುತ್ತಿಕೊಂಡು ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಒರೆಸಿ. ಅದು ಕೂಡಲೇ ಬೆಂಕಿ ಹಿಡಿಯುವ ವಸ್ತು, ಒಲೆಯಿಂದ ದೂರ, ಕಿಟಕಿ ತೆಗೆದು ಮಾಡಿ. ಪೇಂಟ್ ಇರುವ ಜಾರಿಗೆ ಹಾಕಿದರೆ ಪೇಂಟೂ ಹೋಗುತ್ತದೆ.

ವಾಸನೆ

ಗಾಜು ವಾಸನೆ ಹಿಡಿದಿಡುವುದಿಲ್ಲ. ಜಾರ್ ತೊಳೆದ ಮೇಲೂ ವೆನಿಲಾ ವಾಸನೆ ಬರುತ್ತಿದ್ದರೆ ಮುಚ್ಚಳ ಮೂಸಿ ನೋಡಿ. ಮರದ ಮುಚ್ಚಳದ ಸುತ್ತ ಇರುವ ರಬ್ಬರಿನ ಬಳೆಯಲ್ಲಿ ವಾಸನೆ ಕೂತಿರುತ್ತದೆ. ಬಳೆ ಬಿಚ್ಚಿ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ರಾತ್ರಿ ಇಡಿ. ಮರವನ್ನು ನೆನೆಸಬೇಡಿ, ಊದಿಕೊಂಡು ಆಮೇಲೆ ಜಾರಿಗೆ ಕೂರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಗಾಳಿ ಆಡುವ ನೆರಳಿನಲ್ಲಿ ಒಣಗಿಸಿ. ನಮ್ಮ ಬಿಸಿಲಿಗೆ ಹಾಕಿದರೆ ಬಿರಿಯುತ್ತದೆ.

ಇದರಲ್ಲಿ ಏನು ಇಡಬಹುದು

ತೊಳೆದು ಹೊಳೆಯುವ ಜಾರುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಪಕ್ಕದ ಮನೆಯ ಹುಡುಗಿ ಕೇಳಿದ್ದು ಹೀಗೆ: "ಅಕ್ಕಾರ, ಇಷ್ಟ್ ಚಂದ ಡಬ್ಬಿ ಅದಾವು, ಶೇಂಗಾ ಹಿಂಡಿ ತುಂಬಿಡ್ಲೇನ್ರಿ?" "ಬ್ಯಾಡವ್ವಾ, ಸೂಜಿ ದಾರ ಹಾಕ್ಕೋ."

ಹಿಂಡಿ ಬೇಡ ಅನ್ನಲು ಕಾರಣ ಇದೆ. ಈ ಜಾರುಗಳನ್ನು ಮೇಣ ತುಂಬಲು ಮಾಡಿರುತ್ತಾರೆ, ಊಟದ ಸಾಮಾನಿಗೆ ಅಂತ ಪರೀಕ್ಷೆ ಮಾಡಿರುವುದಿಲ್ಲ. ಒಳಗೆ ಬಣ್ಣ ಬಳಿದ ಜಾರಾದರಂತೂ ಆ ಬಣ್ಣ ಏನು ಅಂತ ನಮಗೆ ಗೊತ್ತಿರುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಪ್ಪಿನಕಾಯಿ ಎಲ್ಲದರಲ್ಲೂ ಎಣ್ಣೆ ಇದೆ. ಮೂಲೆಯಲ್ಲಿ ಉಳಿದ ಸೆಂಟನ್ನು ಎಣ್ಣೆ ಮೊದಲು ಎಳೆದುಕೊಳ್ಳುತ್ತದೆ. ಗುಲಾಬಿ ವಾಸನೆಯ ಹಿಂಡಿ ಹಚ್ಚಿಕೊಂಡು ರೊಟ್ಟಿ ಯಾರು ತಿನ್ನುತ್ತಾರೆ? ಚಹಾ, ಕಾಫಿ ಕುಡಿಯುವ ಲೋಟವಾಗಿಯೂ ಬೇಡ. ಬಿಸಿ ಚಹಾ ಒಮ್ಮೆಲೇ ಸುರಿದರೆ ತಾಳುವ ಗಾಜು ಇದಲ್ಲ.

ಊಟ ಬಿಟ್ಟರೆ ಉಳಿದದ್ದಕ್ಕೆಲ್ಲ ಬಳಸಿ. ನನಗೆ ಇದರ ಅತಿ ಒಳ್ಳೆ ಉಪಯೋಗ ಅನ್ನಿಸುವುದು ಕರ್ಪೂರಕ್ಕೆ. ಕರ್ಪೂರ ತೆರೆದಿಟ್ಟರೆ ಕರಗದೇ ಸೀದಾ ಆವಿಯಾಗಿ ಹೋಗುತ್ತದೆ, ಪೊಟ್ಟಣದಲ್ಲಿ ಇಟ್ಟದ್ದು ತಿಂಗಳೊಪ್ಪತ್ತಿನಲ್ಲಿ ಅರ್ಧವಾಗಿರುತ್ತದೆ. ರಬ್ಬರ್ ಬಳೆ ಇರುವ ಈ ಮುಚ್ಚಳ ಗಾಳಿಯಾಡದಂತೆ ಕೂರುತ್ತದೆ. ಪಕ್ಕದಲ್ಲೇ ಇನ್ನೊಂದು ಜಾರಿನಲ್ಲಿ ಹೂಬತ್ತಿ. ಗುಂಡಿ, ಪಿನ್ನು, ಬಾಬಿನ್, ಪೆನ್ನು, ಚಿಲ್ಲರೆ ಯಾವುದಾದರೂ ಸರಿ. ಮನಿ ಪ್ಲಾಂಟಿನ ಕಡ್ಡಿ ನೀರಿನಲ್ಲಿ ಇಡುವುದಾದರೆ ವಾರಕ್ಕೊಮ್ಮೆ ನೀರು ಪೂರ್ತಿ ಬದಲಿಸಿ, ಗೋಡೆಯನ್ನೂ ಒಮ್ಮೆ ತಿಕ್ಕಿ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ಶುದ್ಧ ನೀರಿನಲ್ಲೇ, ನೀರಿನ ಅಂಚಿನ ಗೋಡೆಗೆ ಅಂಟಿಸಿ.

ಮತ್ತೆ ಮೇಣಬತ್ತಿಯನ್ನೇ ಮಾಡಬೇಕು ಅಂದರೆ ಬೆಳಕಿಗೆ ಹಿಡಿದು ಬಿರುಕಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ಅದಕ್ಕಿಂತ ಸುಲಭ ಒಂದಿದೆ. ತಳಕ್ಕೆ ಎರಡು ಬೆರಳು ಮರಳು ಹಾಕಿ, ಮೇಲೆ ತಗಡಿನ ಬಟ್ಟಲಿನ ಪುಟ್ಟ ಮೇಣಬತ್ತಿ ಇಡಿ. ಮರಳು ಕಾವು ತಡೆಯುತ್ತದೆ, ಜಾರ್ ಹೊಲಸಾಗುವುದಿಲ್ಲ. ಎಣ್ಣೆ ದೀಪವನ್ನು ಮಾತ್ರ ಇದರೊಳಗೆ ಹಚ್ಚಬೇಡಿ. ಬತ್ತಿ ಓರೆಯಾಗಿ ಗಾಜಿಗೆ ತಾಗಿದರೆ ಅಲ್ಲೇ ಬಿರಿಯುತ್ತದೆ.

ಉಳಿದ ಮೇಣ

ಬಟ್ಟಲಿನಲ್ಲಿ ಹೆಪ್ಪುಗಟ್ಟಿದ ಮೇಣವನ್ನು ಒಂದು ಕ್ಷಣ ಬಿಸಿ ನೀರಿಗೆ ತಾಗಿಸಿದರೆ ಬಿಲ್ಲೆಯಾಗಿ ಬಿಡುತ್ತದೆ. ಬೇರೆ ಬೇರೆ ಪರಿಮಳ ಬೆರೆಸಬೇಡಿ. ಕಾಫಿಯೂ ಮಲ್ಲಿಗೆಯೂ ಸೇರಿದರೆ ಎರಡೂ ಅಲ್ಲದ ಒಂದು ವಾಸನೆ ಬರುತ್ತದೆ. ಕಾರ್ತಿಕ ಮಾಸಕ್ಕೆ ಪಣತಿಯಲ್ಲಿ ಕರಗಿಸಿ ಹಾಕಿ, ನಡುವೆ ಬತ್ತಿ ನಿಲ್ಲಿಸಿದರೆ ಅಂಗಳಕ್ಕೆ ಆಗುತ್ತದೆ. ಜಾರಿನಿಂದ ತೆಗೆದ ಬಿಲ್ಲೆಯ ಕೊಳವೆಯನ್ನು ಇಕ್ಕಳದಿಂದ ಸ್ವಲ್ಪ ಅಗಲಿಸಿದರೆ ಅದಕ್ಕೇ ಹೊಸ ಬತ್ತಿ ಕೂರುತ್ತದೆ. ಸಣ್ಣ ತುಂಡು ಹೊಲಿಗೆ ಡಬ್ಬಿಯಲ್ಲಿರಲಿ. ಗುಂಡಿ ಹಚ್ಚುವ ದಾರವನ್ನು ಅದರ ಮೇಲೆ ಒಮ್ಮೆ ಎಳೆದರೆ ಸಿಕ್ಕಾಗುವುದಿಲ್ಲ. ಬ್ಯಾಗಿನ ಬಿಗಿಯಾದ ಝಿಪ್ಪಿಗೂ, ಮಳೆಗಾಲದಲ್ಲಿ ಹಿಡಿದುಕೊಳ್ಳುವ ಮರದ ಡ್ರಾಯರಿಗೂ ಅದನ್ನೇ ಉಜ್ಜಿ.

ಇನ್ನು ಬೋಗುಣಿ. ಅದರ ಒಳ ಅಂಚಿಗೂ ಮೇಣದ ಗೆರೆ ಅಂಟಿರುತ್ತದೆ. ಬಿಸಿ ಇರುವಾಗಲೇ ಪೇಪರಿನಿಂದ ಒರೆಸಿ, ಸೋಪು ಹಾಕಿ ತೊಳೆದು ಅಡುಗೆ ಪಾತ್ರೆಗಳಿಂದ ಬೇರೆ ಇಡಿ. ಮೇಲೆ ಮಾರ್ಕರಿನಿಂದ ದೊಡ್ಡದಾಗಿ "ಮೇಣ" ಅಂತ ಬರೆಯಿರಿ. ಇಲ್ಲದಿದ್ದರೆ ಮುಂದಿನ ವಾರ ಮನೆಯಲ್ಲಿ ಯಾರಾದರೂ ಅದರಲ್ಲೇ ಹಾಲು ಕಾಯಿಸುತ್ತಾರೆ.